ಮಹದೇವಯ್ಯನ ಪಾಚಿ ಸಂಹಾರ

"ಕಾವೇರಿ ನೋಡಾಕೆ ಇನ್ಮೇಲೆ ಯಾರೂ ಒಳೆಗೋಗಂಗಿಲ್ಲ. ನಮ್ಮನೆ ನಡುಮನೇಲೇ ಕೂರ್ಸಿವ್ನಿ!"

ಶಿವನಸಮುದ್ರದ ಕರೆಂಟು ಕಾರ್ಖಾನೆಯ ಫಿಟ್ಟರ್ ಮಹದೇವಯ್ಯ ಹೀಗೆ ಘೋಷಿಸಿದಾಗ ಕ್ವಾರ್ಟರ್ಸಿನ ಅರ್ಧ ಜನ ಬಂದು ನೋಡಿದರು. ಕಾರ್ಖಾನೆಯವರು ಬೇಡವೆಂದು ಎಸೆದಿದ್ದ ಬ್ಯಾಟರಿಯ ಗಾಜಿನ ತೊಟ್ಟಿ ಅದು. ಮೊಣಕಾಲೆತ್ತರ, ಬೆರಳುದಪ್ಪದ ಗಾಜು. ಅದನ್ನು ತೊಳೆದೂ ತೊಳೆದು, ಹೊಳೆಮರಳು ಹಾಸಿ, ನೀರುಗಿಡ ನೆಟ್ಟು, ಮೀನುಮರಿ ಬಿಟ್ಟಿದ್ದ. ಕರೆಂಟು ಹುಟ್ಟುವ ಊರಲ್ಲಿ ಬೆಳಕಿಗೆ ಬರವೇ? ಮೇಲೊಂದು ಬಲ್ಬು ಇಳಿಬಿಟ್ಟು ಹಗಲೂ ರಾತ್ರಿ ಉರಿಸಿದ.

ಮೀನು ಬೆಳೆಯಲಿಲ್ಲ. ಪಾಚಿ ಬೆಳೆಯಿತು! ಗಾಜಿಗೆ ಪಾಚಿ, ಮರಳಿಗೆ ಪಾಚಿ, ಗಿಡಗಳಿಗೆಲ್ಲ ಪಾಚಿಯ ಗಡ್ಡ! ತೆಂಗಿನ ನಾರಿನಲ್ಲಿ ಉಜ್ಜಿ ತೆಗೆದರೆ ಎರಡೇ ದಿನದಲ್ಲಿ ಮತ್ತೆ ಹಾಜರು.

"ಬುಡ್ತೀನಾ? ಬಸವನಹುಳ ಬುಟ್ರೆ ಮೇಯ್ಕಂಡು ಓಯ್ತವೆ!" ಎಂದು ಗದ್ದೆಯಿಂದ ಬೊಗಸೆ ತುಂಬ ತಂದು ಬಿಟ್ಟ. ಅವು ಪಾಚಿಯನ್ನು ಮೂಸಿಯೂ ನೋಡದೆ ಎಳೆಯ ಗಿಡಗಳನ್ನೆಲ್ಲ ಮೆದ್ದು, ತೊಟ್ಟಿಯಿಂದಿಳಿದು ಅಡುಗೆಮನೆಗೆ ದಂಡಯಾತ್ರೆ ಹೊರಟವು.

"ಸಾರಿನ ಮಡಕೆ ಮೇಲೆ ಕುಂತದೆ ನಿನ್ನ ಬಸವಣ್ಣ!" ಹೆಂಡತಿ ದೇವಿರಮ್ಮ ಅಬ್ಬರಿಸಿದಳು. "ನಾಳೆ ಹೊಂಬಾಳೆನ ನೋಡಾಕೆ ಮಳವಳ್ಳಿಯಿಂದ ಗಂಡಿನವ್ರು ಬತ್ತಾವ್ರೆ. ಈ ಕೊಳಚೆನ ಆಚಿಕೆ ಎತ್ತಾಕು!"

ಹೊಂಬಾಳೆ ಮಹದೇವಯ್ಯನ ಒಬ್ಬಳೇ ತಂಗಿ. ಅವಳಿಗೆ ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಮಹದೇವಯ್ಯ ಎತ್ತಲು ಹೋದ, ತೊಟ್ಟಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ನೀರು ಚೆಲ್ಲಲು ಮನಸ್ಸು ಬರಲಿಲ್ಲ. ಕೊನೆಗೆ ದೇವಿರಮ್ಮನೇ ಬಲ್ಬು ಕಳಚಿ, ಹೊಸ ಕಂಬಳಿಯನ್ನು ತೊಟ್ಟಿಯ ಬಾಯಿಗೆ ಬಿಗಿಯಾಗಿ, ಸುತ್ತಲೂ ನೆಲ ಮುಟ್ಟುವಂತೆ ಹೊದಿಸಿದಳು.

"ಏನೋ ಪೆಟ್ಗೆ ಅನ್ಕತಾರೆ. ನೀನು ಬಾಯ್ ಮುಚ್ಕಂಡಿರು, ಅಷ್ಟೆ!"

ಪೆಟ್ಟಿಗೆ ಎಂದುಕೊಂಡಿದ್ದರೆ ಚೆನ್ನಾಗಿತ್ತು! ಮರುದಿನ ಬಂದ ಗಂಡಿನ ತಂದೆ ಚಿಕ್ಕಬೋರಯ್ಯನವರು ಭಾರೀ ಆಳು. ಮಲ್ಲಿಗೆಯಂಥ ಬಿಳಿ ಪಂಚೆ, ಜರಿ ಪೇಟ. ಮಹದೇವಯ್ಯ ಚಾಪೆ ತೋರಿಸುವಷ್ಟರಲ್ಲಿ, "ಮಂಡಿನೋವು ಕಣಪ್ಪ, ನಂಗೆ ಇದೇ ವಾಸಿ" ಎಂದು ಗತ್ತಿನಿಂದ ಕಂಬಳಿಯ ಮೇಲೆ ಕುಳಿತರು.

ಬುಳುಂಕ್!

ಕಂಬಳಿ ಪಕ್ಕಕ್ಕೆ ಜಾರಿತು, ಬೀಗರು ನೆಟ್ಟಗೆ ಒಳಕ್ಕೆ ಜಾರಿದರು! ಹೊರಗೆ ಕಾಣುತ್ತಿದ್ದುದು ಪೇಟ ಮತ್ತು ಎರಡು ಪಾದ.

"ಎಳೀರ್ಲಾ! ಒಳಗ್ಯಾವ್ದೋ ಓಡಾಡ್ತಾ ಅದೆ!"

ಮಹದೇವಯ್ಯ ಒಂದು ರಟ್ಟೆ, ಮದುವೆಗಂಡು ಇನ್ನೊಂದು ರಟ್ಟೆ ಹಿಡಿದು ಜಗ್ಗಿದರು. ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಅಂತೂ ಬೀಗರು ಹೊರಬಂದರು. ಬಿಳಿ ಪಂಚೆ ಹಚ್ಚಹಸಿರು! ನೆರಿಗೆಯಲ್ಲೊಂದು ಮೀನುಮರಿ ಪಟಪಟ ಒದ್ದಾಡುತ್ತಿತ್ತು.

ಎಲ್ಲರ ಕಣ್ಣೂ ಪಂಚೆಯ ಮೇಲೆ. ಮಹದೇವಯ್ಯ ಮಾತ್ರ ತೊಟ್ಟಿಯನ್ನೇ ದಿಟ್ಟಿಸುತ್ತಿದ್ದ. ಗಾಜು ನಾಲ್ಕೂ ಕಡೆ ಫಳಫಳ! ಅವನು ಉಜ್ಜಿ ಉಜ್ಜಿ ಸೋತಿದ್ದ ಪಾಚಿಯನ್ನು ಬೀಗರು ಒಂದೇ ಸುತ್ತಿಗೆ ಒರೆಸಿ ತೆಗೆದಿದ್ದರು.

"ಓಯ್ತು! ಪಾಚಿ ಓಯ್ತು ಕಣಮ್ಮಿ!" ಎಂದು ಕುಣಿದೇಬಿಟ್ಟ.

ದೇವಿರಮ್ಮ ತೋಳಿಗೆ ಚಿವುಟಿದ ಮೇಲೆಯೇ ಅವನಿಗೆ ಭೂಮಿ ಕಂಡದ್ದು. ಮೂರನೆಯ ಸಂಬಂಧವೂ ನೀರುಪಾಲು! ಕೈಮುಗಿದ. ಅಷ್ಟರಲ್ಲಿ ಹೊಂಬಾಳೆ ನಾಚಿಕೆ ಬಿಟ್ಟು ಓಡಿಬಂದು, ಮೀನನ್ನು ಬಿಡಿಸಿ ನೀರಿಗೆ ಹಾಕಿ, ಒಣ ಪಂಚೆ ತಂದುಕೊಟ್ಟಳು.

ಚಿಕ್ಕಬೋರಯ್ಯನವರು ಅವಳನ್ನು ನೋಡಿದರು, ಮಗನನ್ನು ನೋಡಿದರು, ಮಹದೇವಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಉಡ್ಗಿ ಒಪ್ಗೆ ಕಣಪ್ಪ," ಎಂದರು. "ಆದ್ರೆ ಮದ್ವೆ ದಿನ ಕೂರಾಕೆ ಕುರ್ಚಿ ಮಾತ್ರ ನಮ್ಮೂರಿಂದ್ಲೇ ತತ್ತೀವಿ!"