ಅರಿಷಿಣದ ಸೋಪು, ಉಪ್ಪಿನ ಸೋಪು

ಸೋಪಿಗೆ ಬೇಕಾಗುವುದು ಎಣ್ಣೆ, ಕಾಸ್ಟಿಕ್ ಸೋಡಾ, ನೀರು. ಅಷ್ಟೇ. ಆದರೂ ತಿಂಗಳಿಗೊಂದು ಫಜೀತಿಯಾಗದೆ ನನ್ನ ಸೋಪಿನ ಕೆಲಸ ಸಾಗಿದ್ದೇ ಇಲ್ಲ.

೧. ಅತ್ತೆಯ ಲೆಕ್ಕ

ಮೊದಲು ಸೋಪು ಮಾಡಿದ್ದು ದೇಶಪಾಂಡೆ ನಗರದ ನಮ್ಮ ಮನೆಯ ಹಿತ್ತಲಲ್ಲಿ. ಕಾಸ್ಟಿಕ್ ಸೋಡಾ ನೀರಿಗೆ ಹಾಕಿದ ಕೂಡಲೇ ಬಕೆಟ್ಟು ಕಾದು ಹೊಗೆಯಾಡಿತು. ಅತ್ತೆ ದೂರ ನಿಂತೇ ಕೇಳಿದರು:

"ಪಾಯಖಾನಿ ಪೈಪಿಗೆ ಸುರಿಯೂದನ್ನ ಮಂದಿ ಮಾರಿಗೆ ಹಚ್ಚಸ್ತಿಯೇನು?"

"ಎಣ್ಣಿ ಜೋಡಿ ಕೂಡಿದ ಮ್ಯಾಲೆ ಅದು ಕಾಸ್ಟಿಕ್ ಆಗಿ ಉಳಿಯಂಗಿಲ್ರಿ ಅತ್ತಿ. ಒಂದು ತಿಂಗಳು ಇಟ್ರ ಉರಿಯೆಲ್ಲಾ ಹೋಗಿ ಸೌಮ್ಯ ಆಗತೈತಿ."

"ಒಂದ ತಿಂಗಳ್ದಾಗ? ಲಗೂನ ಆತು ಬಿಡು. ನಿನಗ ಹನ್ನೆರಡು ವರ್ಷ ಹಿಡೀತು."

೨. ಇಟ್ಟಂಗಿ ಬಣ್ಣ

ದುರ್ಗದಬೈಲಿನ ಬಟ್ಟೆ ವ್ಯಾಪಾರಿಯ ಹೆಂಡತಿ, ಮಗಳಿಗೆ ಅರಿಷಿಣ ಹಚ್ಚುವ ದಿನ ಹಂಚಲು ಇನ್ನೂರು ಹಳದಿ ಸೋಪು ಹೇಳಿದ್ದರು. ಬಣ್ಣಕ್ಕೆ ಅರಿಷಿಣವನ್ನೇ ಹಾಕಿದೆ. ಕಾಸ್ಟಿಕ್ ತಾಗಿದರೆ ಅರಿಷಿಣ ಕೆಂಪಾಗುತ್ತದೆಂದು ಆಗ ಗೊತ್ತಿರಲಿಲ್ಲ. ಮರುದಿನ ನೋಡಿದರೆ ಇನ್ನೂರೂ ಇಟ್ಟಂಗಿ ಬಣ್ಣ. ತಿಳಿಯಾದೀತೆಂದು ತಿಂಗಳು ಕಾದೆ, ಆಗಲಿಲ್ಲ. ಒಯ್ದು ಕೊಟ್ಟು, ಆದದ್ದನ್ನೆಲ್ಲ ಹೇಳಿದೆ.

ಅವರು ಒಂದನ್ನು ಮೂಸಿ ನೋಡಿದರು. "ಇರ್ಲಿ ಬಿಡ್ರಿ. ಅರಿಷಿಣ ಹೇಳಿದ್ದಕ್ಕ ಕುಂಕುಮಾನೂ ಕೂಡಿಸಿ ಕೊಟ್ಟೀರಿ ಅಂತ ತಿಳಕೋತೀವಿ."

೩. ಹೊಸ ನಮೂನೆಯ ಕಲ್ಲು

ಆಮೇಲೆ ತಾರಿಹಾಳದಲ್ಲಿ ಒಂದು ಶೆಡ್ಡು ಹಿಡಿದೆವು. ಉಪ್ಪು ಹಾಕಿದರೆ ಸೋಪು ಗಟ್ಟಿಯಾಗುತ್ತದೆ, ಆದರೆ ಬಿಸಿ ಇದ್ದಾಗಲೇ ಕತ್ತರಿಸಬೇಕು. ನಾನು ಅಗಲವಾದ ಹಲಗೆಯಂತೆ ಎರೆದಿಟ್ಟು ಗೆಳತಿಯ ಸೀಮಂತಕ್ಕೆ ಹೋದೆ. ಹಾಡು ಹೇಳಿ, ಹೋಳಿಗೆ ಉಂಡು ಬಂದರೆ ಚಾಕು ಇಳಿಯಲಿಲ್ಲ. ಗರಗಸದ ಎರಡು ಹಲ್ಲು ಹೋದವು.

"ಬಾಜೂಕ ಗ್ರಾನೈಟ್ ಕೊಯ್ಯಾವ್ರು ಅದಾರಲ್ಲ" ಎಂದರು ನನ್ನ ಯಜಮಾನರು.

ಇಬ್ಬರೂ ಹೊತ್ತು ಒಯ್ದೆವು. ಅಲ್ಲಿ ನೆಲದ ತುಂಬ ವರ್ಷಗಟ್ಟಲೆಯ ಕಲ್ಲಿನ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಗ್ರಾನೈಟಿನವರು ಬೆರಳಿಂದ ಬಡಿದು ನೋಡಿ, "ಇಂಥಾ ಬಿಳಿ ಕಲ್ಲು ನಾ ನೋಡೇ ಇಲ್ಲ. ಎಲ್ಲೀದ್ರಿ ಇದು?" ಎಂದರು.

"ನಮ್ಮ ಶೆಡ್ಡಿಂದ್ರಿ."

ಯಂತ್ರ ಶುರುವಾಯಿತು. ಕೊಯ್ಯುವ ಚಕ್ರದ ಮೇಲೆ ಸತತ ನೀರು ಬೀಳುತ್ತದೆಂದು ನಮಗೆ ಹೊಳೆದಿರಲಿಲ್ಲ. ಅದೋ ಪೂರಾ ತೆಂಗಿನೆಣ್ಣೆಯ ಸೋಪು. ನೊರೆ ಬರಿಸಲು ಅದನ್ನು ಮೀರಿಸುವ ಎಣ್ಣೆಯಿಲ್ಲ. ಮೂರನೇ ತುಂಡಿಗೆ ನೊರೆ ಪಾದ ಮುಚ್ಚಿತು. ನಿಲ್ಲಿಸ್ರಿ ಎಂದು ಕೂಗಿದೆ, ಯಂತ್ರದ ಸದ್ದಿಗೆ ಕೇಳಲಿಲ್ಲ. ಕೊನೆಯ ತುಂಡಿನ ಹೊತ್ತಿಗೆ ನೊರೆ ಹೊಸ್ತಿಲು ದಾಟಿ ರಸ್ತೆಗಿಳಿದಿತ್ತು.

ಯಂತ್ರ ನಿಂತಿತು. ಗ್ರಾನೈಟಿನವರು ಮೊಣಕಾಲುದ್ದ ನೊರೆಯಲ್ಲಿ ನಿಂತಿದ್ದರು. "ತಪ್ಪಾತ್ರಿ. ಮಜೂರಿ ಎಷ್ಟಾತು ಹೇಳ್ರಿ" ಎಂದೆ.

ಅವರು ಕಾಲಿನಿಂದ ಸ್ವಲ್ಪ ನೊರೆ ಸರಿಸಿ ಕೆಳಗೆ ನೋಡಿದರು.

"ಮಜೂರಿ ಬ್ಯಾಡ್ರಿ ಅಕ್ಕಾರ. ಈ ಅಂಗಡಿ ನೆಲಕ್ಕ ಫರಸಿ ಹಾಕೇತಿ ಅಂತ ನನಗ ಇವತ್ತ ಗೊತ್ತಾತು."