ನಾನು ನೋಡದ ಆಮೆ

ದುಃಖವನ್ನು ಮುಚ್ಚಿಡುವುದು ಅಂಥ ಕಷ್ಟದ ಕೆಲಸವಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ ಎನ್ನಬಹುದು, ಕಣ್ಣಿಗೆ ಧೂಳು ಬಿತ್ತು ಎನ್ನಬಹುದು, ತಲೆನೋವೆಂದು ಮುಸುಕು ಹಾಕಿಕೊಂಡು ಮಲಗಬಹುದು. ನಾನಂತೂ ಒಮ್ಮೆ ಏಕಾದಶಿಯ ದಿನ ಈರುಳ್ಳಿಯ ನೆಪ ಹೇಳಿ ದಕ್ಕಿಸಿಕೊಂಡವಳು. ಆದರೆ ಸಂತೋಷವನ್ನು ಮುಚ್ಚಿಡುವುದಿದೆಯಲ್ಲ, ಅದಕ್ಕೆ ನೆಪವೇ ಸಿಗುವುದಿಲ್ಲ. ಹುಳಿಗೆ ಒಗ್ಗರಣೆ ಹಾಕುತ್ತಾ ಒಬ್ಬಳೇ ನಗುವ ಹೆಂಗಸು ಏನೆಂದು ಕಾರಣ ಕೊಡಬೇಕು? ಈ ಕಷ್ಟ ನನಗೆ ಈ ವಯಸ್ಸಿನಲ್ಲಿ ಬಂದದ್ದು ಒಂದು ಸಮುದ್ರದ ಆಮೆಯಿಂದ. ಆಮೆಯ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಅದು ತನ್ನ ಪಾಡಿಗೆ ತಾನು ಈಜಿಕೊಂಡು ಹೋಗುತ್ತಿತ್ತು. ತಪ್ಪು ಪೂರ್ತಿ ನನ್ನದು. ಅದನ್ನು ಹೇಳಿಕೊಳ್ಳೋಣವೆಂದೇ ಕೂತಿದ್ದೇನೆ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಬರವಣಿಗೆ. ಅಲ್ಲಲ್ಲಿ ದಾರಿ ತಪ್ಪಿದರೆ ನೀವೇ ಕೈಹಿಡಿದು ಕರೆದುಕೊಂಡು ಬರಬೇಕು.

ನನ್ನ ತಂಗಿ ಸುಮತಿ ಇನ್ಶೂರೆನ್ಸ್ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ನಮ್ಮೆಜಮಾನರು ತೀರಿಕೊಂಡ ಮೇಲೆ ನಾನು ಅವಳ ಮನೆಗೇ ಬಂದುಬಿಟ್ಟೆ. ಅವಳು ಮದುವೆಯ ಗೊಡವೆಗೆ ಹೋದವಳಲ್ಲ. ಹೊರಗಿನದೆಲ್ಲ ಅವಳು, ಅಡುಗೆಮನೆಯೆಲ್ಲ ನಾನು. ಅವಳಿಗೆ ಬೆಳಿಗ್ಗೆ ಬೀಚಿನಲ್ಲಿ ನಡೆಯುವ ಅಭ್ಯಾಸ. ಚಳಿಗಾಲ ಬಂತೆಂದರೆ ನಮ್ಮ ಮದ್ರಾಸಿನ ದಡಕ್ಕೆ ಆಮೆಗಳು ಮೊಟ್ಟೆಯಿಡಲು ಬರುತ್ತವಲ್ಲ, ಬರುವ ದಾರಿಯಲ್ಲಿ ಬಲೆಗೆ ಸಿಕ್ಕಿ ಸತ್ತವೂ ಅಲೆಯ ಜೊತೆ ದಡಕ್ಕೆ ಬಂದು ಬೀಳುತ್ತವೆ. ಅಂಥದ್ದನ್ನು ನೋಡಿಬಂದ ದಿನ ಸುಮತಿ ಕಾಫಿ ಲೋಟ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದಳು. ಈ ವರ್ಷ ಒಂದು ದಿನ ಅಂದಳು: "ಅಕ್ಕಾ, ಎಷ್ಟು ವರ್ಷದಿಂದ ನೋಡ್ತಿದೀನಿ, ಎಲ್ಲಾ ಸತ್ತಿರೋವೇ. ಒಂದೇ ಒಂದು ಸಲ ಜೀವ ಇರೋ ಆಮೆ ನೀರಲ್ಲಿ ಈಜೋದನ್ನ ನೋಡ್ಬೇಕು. ನೋಡಲಿಲ್ಲ ಅಂದ್ರೆ ನನಗೆ ಆಮೆ ಅಂದ್ರೆ ಸತ್ತಿರೋದು ಅಷ್ಟೇ ಆಗೋಗತ್ತೆ." ಹೇಳಿ ಸುಮ್ಮನಾಗುವ ಜಾತಿಯಲ್ಲ ಅವಳು. ಆ ವಾರವೇ ನಮ್ಮೂರಾಚೆಯ ಕೋವಳಂ ಕಡೆ ಸಣ್ಣ ಗುಂಪುಗಳನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ, ಮುಖಕ್ಕೆ ಗಾಜಿನ ಮಾಸ್ಕು, ಬಾಯಿಗೆ ಕೊಳವೆ ಹಾಕಿ ಸಮುದ್ರದ ಮೇಲೆ ತೇಲಿಸುವವರನ್ನು ಪತ್ತೆ ಹಚ್ಚಿದಳು. ಅದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರಂತೆ.

"ಹೋಗ್ಬಾ, ಒಳ್ಳೇದಾಗ್ಲಿ" ಎಂದೆ ನಾನು.

"ಹೋಗ್ಬಾ ಅಂದ್ರೆ? ನೀನೂ ಬರ್ತಿದೀಯ. ಇಬ್ಬರ ಹೆಸರೂ ಕೊಟ್ಟಾಯ್ತು."

"ನನಗೆ ಈಜು ಬರಲ್ಲ ಕಣೇ."

"ನನಗೂ ಬರಲ್ಲ. ಲೈಫ್ ಜಾಕೆಟ್ ಹಾಕ್ತಾರೆ, ಬೇಕು ಅಂದ್ರೂ ಮುಳುಗಕ್ಕಾಗಲ್ಲ. ಅಕ್ಕಾ, ಆ ಮಾಸ್ಕ್ ಒಳಗೆ ನನ್ನ ಕನ್ನಡಕ ಹಿಡಿಸಲ್ಲ. ಕನ್ನಡಕ ತೆಗೆದ್ರೆ ನಿನ್ನ ಮುಖಾನೂ ನನಗೆ ಇಡ್ಲಿ ಥರ ಕಾಣತ್ತೆ. ನೀನು ನನ್ನ ಕಣ್ಣು. ಕೈ ಹಿಡ್ಕೊಂಡೇ ಇರು. ಆಮೆ ಕಂಡ ತಕ್ಷಣ ಗಟ್ಟಿಯಾಗಿ ಅದುಮು, ಅದರ ಕಡೆ ತಿರುಗಿಸು. ಹತ್ತಿರ ಬಂದ್ರೆ ನನಗೂ ಕಾಣತ್ತೆ. ನಿನ್ನ ಕೆಲಸ ಅಷ್ಟೇ."

ನನ್ನ ಕೆಲಸ ಅಷ್ಟೇ. ಈ ಮಾತನ್ನು ದಯವಿಟ್ಟು ಮರೆಯಬೇಡಿ. ನಾನು ಮರೆತೆ.

ಮೊದಲು ಒಂದು ಈಜುಕೊಳದಲ್ಲಿ ಅಭ್ಯಾಸ ಮಾಡಿಸಿದರು. ಕಪ್ಪು ರಬ್ಬರಿನ ಬಿಗಿ ಉಡುಪಿನೊಳಗೆ ನಮ್ಮಿಬ್ಬರನ್ನೂ ತುಂಬುವುದೇ ಒಂದು ಸಾಹಸವಾಯಿತು. ತುಂಬಿಯಾದ ಮೇಲೆ ಕನ್ನಡಿ ನೋಡಿಕೊಂಡರೆ ಕೋಯಂಬೇಡು ಮಾರ್ಕೆಟ್ಟಿನಲ್ಲಿ ಲಾರಿಯಿಂದ ಇಳಿಸಿದ ಬದನೆಕಾಯಿ ಮೂಟೆಗಳೆರಡಕ್ಕೆ ಕಾಲು ಬಂದು ನಿಂತ ಹಾಗಿದ್ದೆವು. ನಮಗೆ ಗೈಡಾಗಿ ಬಂದವನ ಹೆಸರು ಪ್ರಭು, ಮೂವತ್ತರ ಒಳಗಿನ ಹುಡುಗ, ಮಾತಿಗೊಮ್ಮೆ ನಗುವವನು. "ಅಕ್ಕಾ, ತಣ್ಣಿಕ್ಕುಳ್ಳ ಪೇಸಕ್ಕೂಡಾದು" ಎಂದ. ನೀರಿನೊಳಗೆ ಮಾತಾಡಬಾರದಂತೆ. ಬಾಯಲ್ಲೇ ಉಸಿರಾಡಬೇಕು, ಬಾಯಲ್ಲಿ ಬೇರೇನೂ ಮಾಡಬಾರದು. ಸುಮತಿ ನನ್ನ ಕಡೆ ನೋಡಿ, "ಇದು ನಮ್ಮಕ್ಕಂಗೆ ಈಜೋದಕ್ಕಿಂತ ಕಷ್ಟ" ಎಂದು ಅವನಿಗೆ ತಮಿಳಿನಲ್ಲಿ ಹೇಳಿ ನಕ್ಕಳು. ಆಮೆಯನ್ನು ಮುಟ್ಟಬಾರದು, ಅಟ್ಟಿಸಿಕೊಂಡು ಹೋಗಬಾರದು, ಕಂಡವರು ಸದ್ದು ಮಾಡದೆ ಜೊತೆಯವರ ಕೈ ಅದುಮಬೇಕು. ಎಲ್ಲಕ್ಕೂ ತಲೆಯಾಡಿಸಿದೆ. ಸ್ಕೂಲಿನಲ್ಲೂ ನಾನು ತಲೆಯಾಡಿಸುವುದರಲ್ಲಿ ಮುಂದಿದ್ದೆ.

ಹೋದ ದಿನ ಸಮುದ್ರ ನಮಗಾಗಿ ಗುಡಿಸಿ ಸಾರಿಸಿಟ್ಟ ಹಾಗಿತ್ತು. ಮಾಮೂಲಾಗಿ ನಮ್ಮೂರಿನ ಸಮುದ್ರದ ನೀರು ಕದಡಿದ ಹುಳಿಯಂತಿರುತ್ತದೆ; ಆ ಬೆಳಿಗ್ಗೆ ಮಾತ್ರ ತಿಳಿಸಾರಿನಷ್ಟು ತಿಳಿಯಾಗಿತ್ತು. ದೋಣಿಯಲ್ಲಿ ಪ್ರಭು ಮತ್ತು ದೋಣಿಯವನನ್ನು ಬಿಟ್ಟರೆ ನಾವಿಬ್ಬರು ಮತ್ತು ಹೊಸದಾಗಿ ಮದುವೆಯಾದ ಒಂದು ಜೋಡಿ. ಆ ಹುಡುಗಿ ಗಂಡನ ತೋಳು ಬಿಡುತ್ತಿರಲಿಲ್ಲ, ಸುಮತಿ ನನ್ನ ತೋಳು ಬಿಡುತ್ತಿರಲಿಲ್ಲ. ದಡ ಸಣ್ಣದಾಗುತ್ತಾ ಹೋದ ಹಾಗೆ ನನ್ನ ಎದೆ ಡಬಡಬ ಅನ್ನತೊಡಗಿತು. ಹೆದರಿಕೆಯೆಂದುಕೊಂಡೆ. ಅಲ್ಲ, ಖುಷಿ! ಐವತ್ತು ದಾಟಿದ ಮೇಲೆ ಎದೆ ಹೊಡೆದುಕೊಂಡರೆ ಡಾಕ್ಟರೇ ನೆನಪಾಗುವುದರಿಂದ ಖುಷಿಯ ಗುರುತು ಸಿಕ್ಕಲು ಸ್ವಲ್ಪ ಹೊತ್ತು ಹಿಡಿಯಿತು. ಪ್ರಭು "ವಾಂಗ ಅಕ್ಕಾ" ಎಂದು ಕೈಕೊಟ್ಟು ಇಳಿಸಿದ. ನೀರು ಕುತ್ತಿಗೆಗೆ ಬಂದಾಗ ಒಂದು ಸಲ ನಮ್ಮಮ್ಮನನ್ನು ಕೂಗಿದೆ. ಆಮೇಲೆ ಮುಖ ಕೆಳಗೆ ಮಾಡಿದೆ.

ಅಬ್ಬಬ್ಬಾ! ಕೆಳಗೊಂದು ಊರಿದೆ. ನಮಗೆ ಹೇಳದೆ ಕೇಳದೆ ಯಾವ ಕಾಲದಿಂದಲೋ ಇದೆ. ಬಂಡೆಗಳ ಮೇಲೆ ಪಾಚಿ ಗಾಳಿಗೆ ಬಾಗಿದ ಪೈರಿನಂತೆ ಬಾಗುತ್ತಿದೆ, ಹಳದಿ ಪಟ್ಟೆಯ ಮೀನುಗಳು ಆಫೀಸಿಗೆ ಹೊತ್ತಾದವರಂತೆ ಎಲ್ಲವೂ ಒಂದೇ ಕಡೆಗೆ ಓಡುತ್ತಿವೆ. ನನ್ನ ಉಸಿರು ಕೊಳವೆಯಲ್ಲಿ ಹೋಗಿಬರುವ ಸದ್ದು ಬಿಟ್ಟರೆ ಇನ್ನು ಸದ್ದೇ ಇಲ್ಲ. ಬಲಗೈಯಲ್ಲಿ ಸುಮತಿಯ ಕೈ. ಮೀನು ಕಂಡಾಗೆಲ್ಲ ಅದುಮಿದೆ. ಅವಳು ತಲೆಯೆತ್ತಿ ಕೊಳವೆ ತೆಗೆದು, "ಅಕ್ಕಾ, ಮೀನಿಗೆ ಅದುಮಬೇಡ. ಆಮೆಗೆ ಮಾತ್ರ" ಎಂದು ಗದರಿದಳು. ಸರಿ ಎಂದೆ. ಅಷ್ಟರಲ್ಲಿ ಮದುಮಗಳ ಮಾಸ್ಕಿನೊಳಗೆ ನೀರು ನುಗ್ಗಿ ಆಕೆ ಕಿರುಚಿಕೊಂಡಳು, ಪ್ರಭು ಆ ಕಡೆ ಹೋದ. ನಾನು ಮತ್ತೆ ಮುಖ ಕೆಳಗೆ ಹಾಕಿದೆ.

ಇಲ್ಲಿ ನಮ್ಮ ಮನೆಯ ಒಂದು ಅಭ್ಯಾಸ ಹೇಳಬೇಕು. ದೇವರದ್ದು ಅನ್ನಿಸುವ ಏನು ಕಂಡರೂ ಎರಡು ಕೈಯೂ ಸೇರಬೇಕು. ಒಂದು ಕೈಯಲ್ಲಿ ನಮಸ್ಕಾರ ಮಾಡಿದರೆ ನಮ್ಮಮ್ಮ ಬೆನ್ನಿಗೆ ಒಂದು ಕೊಡುತ್ತಿದ್ದಳು. ಗೋಪುರ ಕಂಡರೆ, ಆಕಾಶದಲ್ಲಿ ಗರುಡ ಕಂಡರೆ, ಕೈಯಲ್ಲಿ ಏನಿದ್ದರೂ ಕೆಳಗಿಟ್ಟು ಮುಗಿಯಬೇಕು. ಒಂದು ಸಲ ಟಿ. ನಗರದ ಬಸ್ಸಿನಲ್ಲಿ ನಿಂತವಳು ಯಾವುದೋ ಗುಡಿ ಕಂಡಿತೆಂದು ಕಂಬಿ ಬಿಟ್ಟು ಕೈಮುಗಿದು ಕಂಡಕ್ಟರನ ಮೇಲೆ ಹೋಗಿ ಬಿದ್ದಿದ್ದೇನೆ. "ಸಾಮಿ ಕುಂಬಿಡಣುಂನಾ ಇರಂಗಿ ಕುಂಬಿಡುಂಗಮ್ಮಾ" ಎಂದು ಬೈದಿದ್ದ, ದೇವರಿಗೆ ಕೈಮುಗಿಯಬೇಕಾದರೆ ಇಳಿದು ಮುಗಿಯಿರಿ ಅಂತ. ಬುದ್ಧಿ ಬರಲಿಲ್ಲ. ಈ ಕೈಗಳು ನನ್ನನ್ನು ಕೇಳಿ ಏಳುವುದಿಲ್ಲ.

ಬಂಡೆಯ ಹಿಂದಿನಿಂದ ಅದು ಬಂತು. ಮೊದಲು ಬಂಡೆಯೇ ಒಂದು ತುಂಡು ಬಿಟ್ಟುಕೊಂಡು ಹೊರಟಿತೆಂದುಕೊಂಡೆ. ಆಮೇಲೆ ಆ ತುಂಡಿಗೆ ತಲೆ ಬಂತು. ಒಗೆದ ಸೀರೆಯನ್ನು ಆತುರವಿಲ್ಲದೆ ಕೊಡವುವ ಹಾಗೆ ಮುಂದಿನ ಎರಡು ಕೈಗಳನ್ನು ಬೀಸುತ್ತಾ ನೇರವಾಗಿ ನನ್ನ ಕಡೆಗೇ ಬಂತು. ಹಸಿರೂ ಅಲ್ಲದ ಬೂದಿಯೂ ಅಲ್ಲದ ಚಿಪ್ಪು, ಅದರ ಮೇಲೆ ಬಿಸಿಲು ಬಲೆ ಹೆಣೆದಂತೆ ಆಡುತ್ತಿತ್ತು. ಮುಖವೋ, ಹಲ್ಲಿನ ಸೆಟ್ಟು ತೆಗೆದಿಟ್ಟ ಸೋದರತ್ತೆಯದು! ಇನ್ನೇನು ಕೈಚಾಚಿದರೆ ಸಿಕ್ಕುವಷ್ಟು ದೂರದಲ್ಲಿ ತಲೆಯನ್ನು ಸ್ವಲ್ಪ ಓರೆ ಮಾಡಿ ಒಂದು ಕಣ್ಣಿನಿಂದ ನನ್ನನ್ನು ನೋಡಿತು. ಹೊಸಲಿಗೆ ಬಂದ ನೆಂಟರನ್ನು "ಯಾವಾಗ ಬಂದ್ರಿ?" ಎಂದು ಕೇಳುವ ಹಾಗಿತ್ತು ಆ ನೋಟ. ಸಾಕ್ಷಾತ್ ಕೂರ್ಮಾವತಾರ! ಮಂದರ ಪರ್ವತ ಹೊತ್ತ ಬೆನ್ನು ಇದೇ! ನನ್ನ ಎರಡು ಕೈಯೂ ಸೇರಿದವು. ರೆಪ್ಪೆ ಬಡಿಯಲಿಲ್ಲ. "ಗೋವಿಂದಾ" ಅನ್ನಲು ಹೋಗಿ ಅರ್ಧ ಲೋಟ ಉಪ್ಪುನೀರು ಕುಡಿದೆ, ಅದೂ ತೀರ್ಥವೇ ಅನ್ನಿಸಿತು. ಆಮೆ ನಿಧಾನವಾಗಿ ಮೇಲೆದ್ದು, ಮೂಗಿನ ತುದಿಯಷ್ಟನ್ನು ಹೊರಗೆ ಹಾಕಿ ಒಂದು ಉಸಿರು ತೆಗೆದುಕೊಂಡು, ನನ್ನ ಕೆಳಗೇ ತೂರಿಕೊಂಡು, ನೀಲಿಯೊಳಗೆ ಕರಗಿ ಹೋಯಿತು. ನಾನು ಇನ್ನೂ ಕೈಮುಗಿದುಕೊಂಡೇ ಇದ್ದೆ.

ಕೈಮುಗಿದಿರಬೇಕಾದರೆ ಎರಡೂ ಕೈ ಖಾಲಿ ಇರಬೇಕಲ್ಲವೇ ಎಂಬ ಯೋಚನೆ ಆಗ ಬಂತು.

ತಲೆಯೆತ್ತಿ ನೋಡಿದರೆ ಸುಮತಿ ಸ್ವಲ್ಪ ಆಚೆಗೆ, ಬೆನ್ನು ನನ್ನ ಕಡೆ ಮಾಡಿಕೊಂಡು ತೇಲುತ್ತಿದ್ದಳು. ಬರೀ ನೀರನ್ನು ಶ್ರದ್ಧೆಯಿಂದ ನೋಡುತ್ತಾ, ನನ್ನ ಕೈ ಇರಬೇಕಾದ ಕಡೆಗೆ ತನ್ನ ಕೈಯನ್ನು ಚಾಚಿಕೊಂಡೇ ಇದ್ದಳು. ಬೆರಳುಗಳು ಹುಡುಕುತ್ತಿದ್ದವು. ಆ ಬೆರಳುಗಳನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ದೋಣಿ ಹತ್ತಿದ ಮೇಲೆ ಪ್ರಭು ಕೇಳಿದ: "ಆಮೈ ಪಾತ್ತೀಂಗಳಾ ಯಾರಾವದು?" ಯಾರಾದರೂ ಆಮೆ ನೋಡಿದಿರಾ ಎಂದು. ಹೊಸ ಜೋಡಿ ಇಲ್ಲವೆಂದಿತು. ಸುಮತಿ ಕನ್ನಡಕ ಒರೆಸಿ ಹಾಕಿಕೊಳ್ಳುತ್ತಾ ನನ್ನ ಮುಖವನ್ನೇ ನೋಡಿದಳು. "ಅಕ್ಕಾ, ಯಾಕೆ ಕೈ ಬಿಟ್ಟೆ?"

"ಅಲೆ ಬಂತಲ್ಲ, ಜಾರಿತು."

"ನಿನಗೂ ಏನೂ ಕಾಣಲಿಲ್ವಾ?"

ಹೂಂ ಅನ್ನುವುದಕ್ಕೂ ಉಹೂಂ ಅನ್ನುವುದಕ್ಕೂ ಒಂದೇ ತಲೆ ಇರುವುದು. ಅದು ಉಹೂಂ ಕಡೆಗೆ ಆಡಿತು. ಪ್ರಭು ಬೇಜಾರಿನಿಂದ, ನೀರು ಇನ್ನು ಕದಡಿಹೋಗುತ್ತದೆ, ಈ ಸೀಸನ್ನಿಗೆ ಇದೇ ಕಡೆಯ ದೋಣಿ, ಮುಂದಿನ ವರ್ಷ ನೋಡೋಣ ಎಂದ. ಸುಮತಿ ನನ್ನ ಒದ್ದೆ ತಲೆಗೆ ಟವೆಲ್ ಹೊದಿಸಿ, "ಪರವಾಗಿಲ್ಲ ಬಿಡಕ್ಕಾ, ಪಾಪ, ನೀನೂ ಎಷ್ಟು ಆಸೆಯಿಂದ ಬಂದಿದ್ದೆ" ಎಂದಳು.

ಅಲ್ಲಿಂದ ಶುರುವಾಯಿತು ನನ್ನ ಶಿಕ್ಷೆ. ದಡದಲ್ಲಿ ನನಗೆ ಎಳನೀರು ಕುಡಿಸಿದಳು. ಸಾಯಂಕಾಲ ಐಸ್ ಕ್ರೀಮು. ಮಾರನೆಯ ದಿನ ಆಫೀಸಿನಿಂದ ಬರುವಾಗ ಟಿ. ನಗರಕ್ಕೆ ಹೋಗಿ, ಆಮೆ ಬಣ್ಣದ್ದೇ ಹುಡುಕಿ ನನಗೊಂದು ಸೀರೆ ತಂದಳು. "ನಿನ್ನನ್ನ ಬಲವಂತವಾಗಿ ಎಳ್ಕೊಂಡೋಗಿ ನಿರಾಸೆ ಮಾಡಿಸ್ದೆ" ಎಂದು ಅವಳೇ ನನ್ನ ಹತ್ತಿರ ಕ್ಷಮೆ ಕೇಳಿದಳು! ನನಗೋ ಒಳಗೆ ಆಮೆ ಕುಣಿಯುತ್ತಿತ್ತು. ಚಪಾತಿ ಹಿಟ್ಟು ನಾದುವಾಗ ಕೈಗಳು ತಾವಾಗಿ ಈಜುತ್ತಿದ್ದವು. ಬಚ್ಚಲಲ್ಲಿ ಬಕೆಟ್ಟಿನ ನೀರು ಕಂಡರೆ ನಗು. ಯಾರಿಗಾದರೂ ಹೇಳದಿದ್ದರೆ ಸಿಡಿದೇ ಹೋಗುತ್ತೇನೆ ಎನ್ನಿಸಿ, ಒಂದು ಮಧ್ಯಾಹ್ನ ತುಳಸಿ ಗಿಡಕ್ಕೆ ನೀರು ಹಾಕುತ್ತಾ ಅದಕ್ಕೇ ಪೂರ್ತಿ ಕಥೆ ಹೇಳಿದೆ. ತುಳಸಿ "ಹೌದಾ?" ಅನ್ನಲಿಲ್ಲ. "ಹೌದಾ?" ಅನ್ನುವವರಿಲ್ಲದ ಮೇಲೆ ಆಮೆ ನೋಡಿ ಏನು ಸುಖ?

ಭಾನುವಾರ ಊಟಕ್ಕೆ ಕೂತಾಗ ಸುಮತಿ, "ಹೋಗ್ಲಿ ಅಕ್ಕಾ, ನಮ್ಮಿಬ್ಬರಿಗೂ ಋಣ ಇರಲಿಲ್ಲ" ಎಂದು ನನ್ನ ಎಲೆಗೆ ತನ್ನ ಹಪ್ಪಳವನ್ನೂ ಹಾಕಿದಳು. ಆ ಹಪ್ಪಳ ನನ್ನಿಂದ ನುಂಗಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕೈಮುಗಿದದ್ದು, ಅವಳ ಕೈ ಬಿಟ್ಟದ್ದು, ದೋಣಿಯಲ್ಲಿ ಸುಳ್ಳು ಆಡಿದ್ದು.

ಅವಳು ಮಜ್ಜಿಗೆ ಅನ್ನವನ್ನು ಕಲಸುತ್ತಲೇ ಇದ್ದಳು. ಆಮೇಲೆ ಕೇಳಿದಳು: "ಐಸ್ ಕ್ರೀಮ್ ತಿಂದೆಯಲ್ಲ, ಆಗ ಏನನ್ನಿಸ್ತು?"

"ಚೆನ್ನಾಗಿತ್ತು ಕಣೇ" ಎಂದೆ. ಇನ್ನೊಂದು ಸುಳ್ಳಿಗೆ ನನ್ನಲ್ಲಿ ಶಕ್ತಿ ಇರಲಿಲ್ಲ.

"ನನ್ನ ಕಣ್ಣು ಅಂದಿದ್ದೆ ನಿನ್ನ" ಎಂದು ಎದ್ದುಹೋಗಿ ಕೈತೊಳೆದಳು. ಅವತ್ತೂ, ಮಾರನೆಯ ದಿನವೂ ಮಾತಿಲ್ಲ. ಬೇಕಾದದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದಳು: "ಕಾಫಿಗೆ ಸಕ್ಕರೆ ಕಮ್ಮಿ." ಮೂರನೆಯ ದಿನ ಸಾಯಂಕಾಲ ಬಂದವಳು ಚೀಲವನ್ನೂ ಇಡದೆ, ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡು ಕೈಯನ್ನು ನನ್ನ ಕೈಗೆ ಕೊಟ್ಟಳು. "ಹೂಂ, ಹೇಳು. ಬಂಡೆಯ ಯಾವ ಕಡೆಯಿಂದ ಬಂತು?"

ಹೇಳಿದೆ! ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಹೇಳಿದೆ. ಚಿಪ್ಪು ಹೇಳಿದೆ, ಬಿಸಿಲು ಹೇಳಿದೆ, ಸೋದರತ್ತೆಯ ಮುಖ ಹೇಳಿದಾಗ ಅವಳು ಕಣ್ಣು ಮುಚ್ಚಿಕೊಂಡೇ ಬಿದ್ದುಬಿದ್ದು ನಕ್ಕಳು. ಆಮೆ ಹತ್ತಿರ ಬಂದಾಗ ಗಟ್ಟಿಯಾಗಿ ಅವಳ ಕೈ ಅದುಮಿದೆ. ಅದು ನೀಲಿಯೊಳಗೆ ಕರಗಿದಾಗ ಅವಳ ಕಣ್ಣಿನಿಂದ ನೀರು ಇಳಿಯಿತು. "ಇನ್ನೊಂದು ಸಲ" ಎಂದಳು. ಆ ವಾರವೆಲ್ಲ ದಿನವೂ ಇನ್ನೊಂದು ಸಲ ಹೇಳಿಸಿದಳು. ಮೆಲ್ಲಮೆಲ್ಲಗೆ ನಡುನಡುವೆ ತಾನೇ ಸೇರಿಸತೊಡಗಿದಳು. "ಅದರ ಎಡಗೈಯಲ್ಲಿ ಒಂದು ಗಾಯದ ಗುರುತಿತ್ತಲ್ಲ?" ಎನ್ನುವಳು. ಇರಲಿಲ್ಲ. ಇತ್ತು ಎಂದೆ. ಕೈಬಿಟ್ಟವಳಿಗೆ ಗಾಯದ ವಿಷಯದಲ್ಲಿ ವಾದ ಮಾಡುವ ಹಕ್ಕೆಲ್ಲಿ?

ಮೊನ್ನೆ ಎದುರು ಮನೆಯ ಪದ್ಮಾ ಮಾಮಿ ಮೊಸರಿಗೆ ಹೆಪ್ಪು ಕೇಳಲು ಬಂದವರು ಹೊಸಲಲ್ಲೇ ನಿಂತು, ಆಮೆ ನೋಡಲು ಹೋಗಿದ್ದಿರಂತೆ, ಸಿಕ್ಕಿತೇ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವುದರೊಳಗೆ ಸುಮತಿ ಎದ್ದು ನಿಂತು ಎರಡು ಕೈಗಳನ್ನೂ ಬೀಸುತ್ತಾ ಶುರುಮಾಡಿದಳು. ಬಂಡೆ, ಬಿಸಿಲಿನ ಬಲೆ, ಗಾಯದ ಗುರುತು, ಓರೆ ಮಾಡಿದ ತಲೆ. ಮಾಮಿ ಹೆಪ್ಪಿನ ಬಟ್ಟಲು ಹಿಡಿದುಕೊಂಡೇ "ಅಪ್ಪಡಿಯಾ! ಅಪ್ಪಡಿಯಾ!" ಅನ್ನುತ್ತಿದ್ದರು, ಹೌದಾ, ಹೌದಾ ಅಂತ. ಚಿಪ್ಪು ನಮ್ಮ ಊಟದ ಮೇಜಿನಷ್ಟಾಯಿತು.

"ಅಷ್ಟು ದೊಡ್ಡದಿರಲಿಲ್ಲ ಕಣೇ" ಎಂದು ನಾನು ಮೆಲ್ಲಗೆ ಅಂದೆ.

ಸುಮತಿ ನನ್ನ ಕಡೆ ತಿರುಗಲೂ ಇಲ್ಲ. "ಅಕ್ಕಾಳ ಕೇಕ್ಕಾದೀಂಗೋ ಮಾಮಿ. ಅವ ಕಣ್ಣ ಮೂಡಿಂಡು ಕುಂಬಿಟ್ಟಿಂಡು ಇರುಂದಾ" ಎಂದಳು. ಅಕ್ಕನನ್ನು ಕೇಳಬೇಡಿ, ಅವಳು ಕಣ್ಣು ಮುಚ್ಚಿಕೊಂಡು ಕೈಮುಗಿಯುತ್ತಿದ್ದಳು ಎಂದು.

ಮಾಮಿ ನನ್ನ ಕಡೆ ಮರುಕದಿಂದ ನೋಡಿ, ಅಷ್ಟು ದೂರ ಹೋಗಿ ಕಣ್ಣು ಮುಚ್ಚಿಕೊಂಡಿರಾ ಎಂದು ಕೇಳಿದರು. ಏನು ಮಾಡಲಿ? ಹೌದು ಮಾಮಿ, ನನ್ನ ಬುದ್ಧಿಯೇ ಅಷ್ಟು ಎಂದು ತಲೆಯಾಡಿಸಿ, ಅವರ ಬಟ್ಟಲಿಗೆ ಹೆಪ್ಪು ಹಾಕಿಕೊಟ್ಟು, ಸುಮತಿಯ ಪಕ್ಕದಲ್ಲಿ ಕೂತೆ. ಆಮೆ ಆಮೇಲೆ ಏನು ಮಾಡಿತೆಂದು ಅವಳ ಬಾಯಲ್ಲಿ ನನಗೂ ಕೇಳಬೇಕಿತ್ತು.