ದ್ವೀಪಕ್ಕೆ ಪಟ್ಟಿ ತಂದವನು

ನಾನು ಸುಮ್ಮನಿರಬೇಕೆಂದು ಹೊರಟಾಗಲೇ ಏನಾದರೊಂದು ಆಗುತ್ತದೆ. ಎಚ್.ಡಿ. ಕೋಟೆಯಲ್ಲಿ ನಾಲೆ ನೀರಿಗಾಗಿ ಧರಣಿ ಕೂತೇ ನನಗೆ ವಯಸ್ಸಾಯಿತು. ಹೆಂಡತಿ ನನ್ನಿಂದಾಗಿ ಕಂಡ ದೂರದ ಊರೆಂದರೆ ಮೈಸೂರು, ಅದೂ ನನಗೆ ಜಾಮೀನು ಕೊಡಿಸಲು. ಕೊನೆಗೂ ಲಕ್ಷದ್ವೀಪಕ್ಕೆ ಹೊರಟಾಗ ಅವಳು ಒಂದೇ ಷರತ್ತು ಹಾಕಿದಳು: "ಅಲ್ಲಿ ಒಂದ್ಸಲ ಧಿಕ್ಕಾರ ಅಂದ್ರೂ ಸರಿ, ಇನ್ಮೇಲೆ ನಿಮ್ ಜೊತೆ ಎಲ್ಲಿಗೂ ಬರಕ್ಕಿಲ್ಲ ಕಣ್ರೀ."

೧. ಗೇಟಿಲ್ಲದ ನೀರು

ಹಡಗಿನಿಂದ ದೋಣಿಗಿಳಿದೆವು. ತಿಳಿನೀಲಿ ನೀರು. ತಳದ ಹವಳ, ಮೀನಿನ ಕಣ್ಣು ಸಮೇತ ಕಾಣುತ್ತಿತ್ತು. ಇಷ್ಟು ಚೆಲುವಾದದ್ದನ್ನು ನಾನು ಕಂಡಿರಲಿಲ್ಲ. ಆದರೂ ಬಾಯಿತಪ್ಪಿ ಬಂತು: "ಇಷ್ಟು ನೀರಿಟ್ಕೊಂಡು ನಾಲೆ ಕಡೇ ಭಾಗಕ್ಕೆ ಯಾಕ್ ಬುಡಲ್ಲ ಇವ್ರು?"

"ಇದು ಸಮುದ್ರ ಕಣ್ರೀ. ಗೇಟೂ ಇಲ್ಲ, ಇಂಜಿನಿಯರೂ ಇಲ್ಲ. ಸುಮ್ನೆ ನೋಡಿ."

ಯಾರನ್ನೂ ಬೈಯದೆ ನಾನು ನೀರು ನೋಡಿದ್ದು ಅದೇ ಮೊದಲು.

೨. ನುಂಗುವ ಪಾಠ

ನಾವು ಉಳಿದ ಮನೆಯ ಯಜಮಾನಿ ತೆಂಗಿನಹಾಲು ಹಾಕಿ ಟ್ಯೂನಾ ಮೀನಿನ ಸಾರು ಮಾಡಿದ್ದರು. ಯಾವ ಸರ್ಕಾರಕ್ಕೂ ಬಾಗದ ತಲೆ ಆ ತಟ್ಟೆಯ ಮುಂದೆ ಬಾಗಿತು. ನನ್ನವಳು ಊರಿಂದ ತಂದಿದ್ದ ಹಿಟ್ಟಿನಲ್ಲಿ ರಾಗಿಮುದ್ದೆ ಕಟ್ಟಿ ಅವರಿಗೂ ಬಡಿಸಿದಳು. ಅವರು ಅಗಿದರು, ಅಗಿದರು, ಅಗಿಯುತ್ತಲೇ ಇದ್ದರು.

"ಅಗೀಬ್ಯಾಡಿ ಕಣಕ್ಕ, ನುಂಗಿ!" ಎಂದು ಇವಳು ಗಂಟಲು ಸವರಿ ತೋರಿಸಿದಳು.

ನುಂಗಿದರು. ಕಣ್ಣರಳಿತು. ಮಾರನೆಯ ದಿನ ನಾವು ಕೇಳುವ ಮೊದಲೇ ಮುದ್ದೆಗೆ ಎಸರಿಟ್ಟಿದ್ದರು. ಧರಣಿಯಿಲ್ಲದೆ ಈಡೇರಿದ ನನ್ನ ಏಕೈಕ ಬೇಡಿಕೆ ಅದು.

೩. ಪಟ್ಟಿ

ಎಲ್ಲಿ ಹೋದರೂ ನನ್ನ ಜೇಬಿನಲ್ಲೊಂದು ಬೇಡಿಕೆಗಳ ಪಟ್ಟಿ ಇರುತ್ತದೆ. ಹೊರಡುವ ದಿನ ಜೆಟ್ಟಿಯಲ್ಲಿದ್ದ ಪೊಲೀಸಪ್ಪ, ಏನಾದರೂ ಕೊರತೆಯಾಯಿತೇ ಎಂದು ವಿಚಾರಿಸಿದರು. ನಮ್ಮೂರ ಕಡೆಯ ಕೇರಳ ಗಡಿಯಲ್ಲಿ ಕಲಿತ ಹರಕು ಮಲಯಾಳದಲ್ಲಿ, "ಒರು ಪಟ್ಟಿ ಉಂಡ್" ಎಂದೆ. ಒಂದು ಪಟ್ಟಿ ಇದೆ ಅಂತ.

ಅವರು ಹಾರಿ ಹಿಂದೆ ಸರಿದರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಆ ದ್ವೀಪದಲ್ಲಿ ನಾಯಿಯೇ ಇಲ್ಲ, ತರುವಂತೆಯೂ ಇಲ್ಲ. ನನಗೇನು ಗೊತ್ತು?

"ಎವಿಡೆ?" ಎಲ್ಲಿ ಎಂದರು.

"ಜೇಬಲ್ಲಿ!"

ಜೇಬು ಬಿಟ್ಟು ಚೀಲ ತಡಕಿದರು. ನನ್ನ ರಕ್ತ ಕುದಿಯಿತು. "ಪಟ್ಟಿ ಕೊಡೋದು ನಮ್ಮ ಹಕ್ಕು!" ಎಂದು ಮುಷ್ಟಿ ಎತ್ತಿದೆ. "ಧಿ..." ಎನ್ನುವಷ್ಟರಲ್ಲಿ ಹೆಂಡತಿಯ ಮುಖ ಕಂಡಿತು. ಬಾಯಿ ಮುಚ್ಚಿ, ಕಾಗದ ತೆಗೆದು ಅವಳ ಕೈಗೇ ಕೊಟ್ಟೆ.

ಅವಳು ಗಟ್ಟಿಯಾಗಿ ಓದಿದಳು: "ಬೇಡಿಕೆ ಒಂದು. ನನ್ನ ಹೆಂಡತಿಗೆ ಇಲ್ಲಿ ಇನ್ನೆರಡು ದಿನ ಕೊಡಬೇಕು." ಎರಡನೆಯ ಬೇಡಿಕೆ ಇರಲಿಲ್ಲ. ಐದು ದಿನ ಹುಡುಕಿದರೂ ಸಿಕ್ಕಿರಲಿಲ್ಲ.

ಕಾಗದ ಕಂಡ ಪೊಲೀಸಪ್ಪ ಬಿದ್ದುಬಿದ್ದು ನಕ್ಕು, ಪಟ್ಟಿಯೆಂದರೇನೆಂದು ಬೊಗಳಿ ತೋರಿಸಿದರು. ಆಮೇಲೆ ಕಾಗದದತ್ತ ಬೆರಳು ಮಾಡಿ, ಹಲ್ಲು ಕಿರಿದು, ಈ ಪಟ್ಟಿ ಕಚ್ಚುತ್ತದೆಯೇ ಎಂದು ಸನ್ನೆಯಲ್ಲಿ ಕೇಳಿದರು.

ನನ್ನವಳು ನನ್ನ ಕಡೆ ಬೆರಳು ತೋರಿಸಿದಳು: "ಊರಲ್ಲಿ ಕಚ್ತದೆ ಸಾರ್. ಇಲ್ಲಿ ಮೀನು ತಿಂದು ಮೆತ್ತಗಾಗೈತೆ. ಬರೋ ವರ್ಷಾನೂ ಇದ್ನೇ ಕರ್ಕೊಂಡ್ ಬತ್ತೀನಿ."